ಕ್ಯಾಂಪಸ್ ಹಾಸ್ಟೆಲ್ ಆರಿಸುವುದು ಹೇಗೆ: ಅರ್ಜಿಯಿಂದ ರೂಮಿನ ಕೀಲಿಯವರೆಗೆ

ಪ್ರತಿ ವರ್ಷ ಅಡ್ಮಿಷನ್ ಮುಗಿದ ವಾರ ನನಗೆ ಒಂದೇ ತರಹದ ಫೋನುಗಳು ಬರುತ್ತವೆ. "ಅಣ್ಣಾ, ಸೀಟು ಸಿಕ್ತು, ಫೀನೂ ಕಟ್ಟೀವಿ. ಈಗ ನೋಡಿದ್ರ ಹಾಸ್ಟೆಲ್‌ನ್ಯಾಗ ರೂಮ್ ಖಾಲಿ ಇಲ್ಲ ಅಂತಾರ." ಹಿಂದೆ ಬಸ್ ಸ್ಟ್ಯಾಂಡಿನ ಗದ್ದಲ ಕೇಳಿಸುತ್ತಿರುತ್ತದೆ. ಟ್ರಂಕು, ಗಾದಿ, ಬಕೆಟ್ಟು ಎಲ್ಲ ಇಳಿಸಿಕೊಂಡು ಅಪ್ಪ ಮಗ ನಿಂತಿರುತ್ತಾರೆ.

ಬಹಳ ಜನ ಎಡವುವುದು ಇಲ್ಲೇ. ಕಾಲೇಜಿನ ಅಡ್ಮಿಷನ್ ಬೇರೆ, ಹಾಸ್ಟೆಲಿನ ಅರ್ಜಿ ಬೇರೆ. ಒಂದು ಆದರೆ ಇನ್ನೊಂದು ತಾನಾಗಿ ಆಗುವುದಿಲ್ಲ. ಎರಡನೆಯ ತಪ್ಪು, ನೋಡಲು ಬಂದವರು ರೂಮು, ಕಾಟು, ಫ್ಯಾನು ನೋಡಿ ಹೋಗುತ್ತಾರೆ. ನಲ್ಲಿ ತಿರುಗಿಸಿ ನೋಡುವುದಿಲ್ಲ. ಈ ಎರಡು ತಪ್ಪು ಆಗದ ಹಾಗೆ ಏನು ಮೊದಲು, ಏನು ಆಮೇಲೆ ಎಂದು ಇಲ್ಲಿ ಬರೆದಿದ್ದೇನೆ. ಬೆಳಗಾವಿ, ಬಾಗಲಕೋಟೆ, ವಿಜಯಪುರ ಮೂರೂ ಕಡೆಗೆ ಹೊಂದುತ್ತದೆ. ಎಲ್ಲಿ ಊರಿಂದ ಊರಿಗೆ ವ್ಯತ್ಯಾಸ ಇದೆಯೋ ಅಲ್ಲಿ ಹೇಳಿದ್ದೇನೆ.

ಹೊರಡುವ ಮೊದಲು ಚೀಲದಲ್ಲಿ ಇರಬೇಕಾದದ್ದು

ದೊಡ್ಡದೇನೂ ಬೇಡ. ಮೊಬೈಲ್ ಚಾರ್ಜರ್, ಅಳತೆ ಟೇಪು, ಸಣ್ಣ ಸೋಪು, ಸ್ಟೀಲ್ ಲೋಟ, ನೋಟ್‌ಬುಕ್ಕು ಸಾಕು. ಚಾರ್ಜರ್ ಇರುವುದು ಸಾಕೆಟ್ಟಿಗೆ ಹಾಕಿ ನೋಡಲು. ಟೇಪು ಇರುವುದು ಕಾಟಿನ ಕೆಳಗೆ ನಿಮ್ಮ ಟ್ರಂಕು ಹಿಡಿಯುತ್ತದೆಯೇ ಎಂದು ಅಳೆಯಲು. ಸೋಪು, ಲೋಟ ಯಾಕೆ ಎಂದು ಮುಂದೆ ಹೇಳುತ್ತೇನೆ. ಜೊತೆಗೆ ಎಲ್ಲ ದಾಖಲೆಗಳ ಎರಡು ಸೆಟ್ ಝೆರಾಕ್ಸ್, ಆರು ಫೋಟೋ ಇರಲಿ.

ಹಂತ 1: ನಿಮ್ಮ ತರಗತಿ ಯಾವ ಜಾಗದಲ್ಲಿ ನಡೆಯುತ್ತದೆ, ಮೊದಲು ಅದನ್ನು ಖಚಿತ ಮಾಡಿಕೊಳ್ಳಿ

ಇದನ್ನೂ ಹೇಳಬೇಕಾ ಅನ್ನಿಸಬಹುದು. ಹೇಳಲೇಬೇಕು. ವಿಶ್ವವಿದ್ಯಾಲಯದ ಹೆಸರಲ್ಲಿರುವ ಊರು ಬೇರೆ, ಅದು ಇರುವ ಊರು ಬೇರೆ ಆಗಿರಬಹುದು. ಬಾಗಲಕೋಟೆ ವಿಶ್ವವಿದ್ಯಾಲಯ ಇರುವುದು ಜಮಖಂಡಿಯಲ್ಲಿ. ಅದು ಗೊತ್ತಿಲ್ಲದೆ ಬಾಗಲಕೋಟೆಯ ನವನಗರದ ಸೆಕ್ಟರುಗಳಲ್ಲಿ ರೂಮು ಹುಡುಕಿದವರನ್ನು ನಾನು ನೋಡಿದ್ದೇನೆ. ಬಾಗಲಕೋಟೆ ಪೇಟೆಗೆ ಹತ್ತಿ ಇರುವುದು ತೋಟಗಾರಿಕೆ ವಿಶ್ವವಿದ್ಯಾಲಯ, ಉದ್ಯಾನಗಿರಿಯಲ್ಲಿ.

ಬೆಳಗಾವಿಯಲ್ಲೂ ಹೀಗೇ. ರಾಣಿ ಚನ್ನಮ್ಮ ವಿಶ್ವವಿದ್ಯಾಲಯದ ಕ್ಯಾಂಪಸ್ ಭೂತರಾಮನಹಟ್ಟಿಯಲ್ಲಿ, ಹೆದ್ದಾರಿ ಪಕ್ಕ, ಪೇಟೆಯಿಂದ ಹೊರಗೆ. ಹಿರೇಬಾಗೇವಾಡಿಯಲ್ಲಿ ಅದರದೇ ಹೊಸ ಕ್ಯಾಂಪಸ್ ಇದೆ. ಎರಡೂ ಬೇರೆ ಬೇರೆ ದಿಕ್ಕು. ವಿಟಿಯು, ಅಂದರೆ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ಇರುವುದು ಮಚ್ಛೆಯಲ್ಲಿ, ಖಾನಾಪುರ ರಸ್ತೆಗೆ. ವಿಜಯಪುರದ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯ ತೊರವಿಯಲ್ಲಿ. ಎಲ್ಲವೂ ಊರ ಹೊರಗೇ. ಹಾಗಾಗಿ ವಿಭಾಗಕ್ಕೆ ನೇರವಾಗಿ ಫೋನ್ ಮಾಡಿ ಎರಡು ಪ್ರಶ್ನೆ ಕೇಳಿ. ಈ ವರ್ಷ ಮೊದಲ ಸೆಮಿಸ್ಟರ್ ತರಗತಿ ಯಾವ ಕಟ್ಟಡದಲ್ಲಿ? ಅಲ್ಲಿಂದ ಹಾಸ್ಟೆಲ್‌ಗೆ ನಡೆದು ಹೋಗಬಹುದಾ?

ಹಂತ 2: ಯಾವ ಬಗೆಯ ಹಾಸ್ಟೆಲ್ ನಿಮಗೆ ಸಲ್ಲುತ್ತದೆ

"ಕ್ಯಾಂಪಸ್ ಹಾಸ್ಟೆಲ್" ಎಂದು ಒಂದೇ ಮಾತಲ್ಲಿ ಹೇಳಿಬಿಡುತ್ತೇವೆ, ಆದರೆ ನಮ್ಮ ಕಡೆ ಮೂರು ಬಗೆ ಇವೆ.

ಒಂದು, ವಿಶ್ವವಿದ್ಯಾಲಯ ಅಥವಾ ಕಾಲೇಜೇ ನಡೆಸುವುದು. ಅರ್ಜಿ, ಫೀ, ನಿಯಮ ಎಲ್ಲ ಅವರದೇ. ಎರಡು, ಸಮಾಜ ಕಲ್ಯಾಣ, ಹಿಂದುಳಿದ ವರ್ಗಗಳ ಕಲ್ಯಾಣ, ಅಲ್ಪಸಂಖ್ಯಾತರ ಕಲ್ಯಾಣ ಇಲಾಖೆಗಳ ಮೆಟ್ರಿಕ್ ನಂತರದ ಹಾಸ್ಟೆಲ್‌ಗಳು. ಇಲ್ಲಿ ಊಟ, ವಸತಿ ಉಚಿತ. ಕೆಲವು ಕ್ಯಾಂಪಸ್ ಪಕ್ಕದಲ್ಲೇ ಇರುತ್ತವೆ, ಕೆಲವು ಪೇಟೆಯಲ್ಲಿ. ಇವುಗಳ ಅರ್ಜಿ ಕಾಲೇಜಿಗೆ ಅಲ್ಲ, ಸರ್ಕಾರದ ಹಾಸ್ಟೆಲ್ ಪೋರ್ಟಲ್ಲಿಗೆ. ಮೂರು, ಮಠಗಳು, ಸಮಾಜದವರು ನಡೆಸುವ ಪ್ರಸಾದ ನಿಲಯ, ಬೋರ್ಡಿಂಗುಗಳು. ಇಲ್ಲಿ ಆನ್‌ಲೈನ್ ಗೀನ್‌ಲೈನ್ ಕಡಿಮೆ. ಖುದ್ದಾಗಿ ಹೋಗಿ ಕೇಳಬೇಕು.

ನನ್ನ ಸಲಹೆ: ಎರಡು ಕಡೆಗಾದರೂ ಅರ್ಜಿ ಹಾಕಿ. ಆದರೆ ಎರಡು ಕಡೆ ಸೇರಬೇಡಿ.

ಇಲ್ಲಿ ಒಂದು ವಿಷಯ ಬಿಡಿಸಿ ಹೇಳಬೇಕು. ಹಿಂದುಳಿದ ವರ್ಗಗಳ ಇಲಾಖೆಯ ವಿದ್ಯಾಸಿರಿ ಯೋಜನೆಯಲ್ಲಿ ಊಟ, ವಸತಿಗೆ ತಿಂಗಳ ಲೆಕ್ಕದಲ್ಲಿ ದುಡ್ಡು ಸಿಗುತ್ತದೆ. ಅದು ಇರುವುದು ಸರ್ಕಾರಿ ಹಾಸ್ಟೆಲ್ ಸಿಗದವರಿಗೆ. ಸರ್ಕಾರಿ ಹಾಸ್ಟೆಲಿನಲ್ಲಿ ಇದ್ದುಕೊಂಡು ಅದಕ್ಕೂ ಅರ್ಜಿ ಹಾಕಿದರೆ ತಿರಸ್ಕಾರ ಆಗುತ್ತದೆ. ಎಸ್‌ಎಸ್‌ಪಿ, ಅಂದರೆ ರಾಜ್ಯದ ವಿದ್ಯಾರ್ಥಿವೇತನ ಪೋರ್ಟಲ್ಲಿನಲ್ಲಿ ಹಾಸ್ಟೆಲಿನಲ್ಲಿ ಇದ್ದೀರಾ, ಇಲ್ಲವಾ ಎಂದು ಕೇಳುವ ಕಡೆ ಸೈಬರ್ ಅಂಗಡಿಯವನು ತನಗೆ ತೋಚಿದ್ದನ್ನು ಒತ್ತಿಬಿಡುತ್ತಾನೆ. ಪಕ್ಕದಲ್ಲಿ ಕೂತು ನೀವೇ ನೋಡಿ.

ಹಂತ 3: ಕಾಗದ ಪತ್ರ, ಅದರಲ್ಲೂ ಹೆಸರು

ಹಾಸ್ಟೆಲ್ ಅರ್ಜಿ ನಿಲ್ಲುವುದು ಹೆಚ್ಚಾಗಿ ಒಂದೇ ಕಾರಣಕ್ಕೆ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಒಂದು ಹೆಸರು, ಆಧಾರ್‌ನಲ್ಲಿ ಇನ್ನೊಂದು. ನಮ್ಮ ಕಡೆ ಇದು ಜಾಸ್ತಿ. ಶಾಲೆಯಲ್ಲಿ ಅಡ್ಡಹೆಸರು ಮೊದಲು, ಆಧಾರ್‌ನಲ್ಲಿ ಕೊನೆಗೆ. ಒಂದು ಕಡೆ ಅಪ್ಪನ ಹೆಸರು ಪೂರ್ತಿ, ಇನ್ನೊಂದು ಕಡೆ ಬರೀ ಇನಿಷಿಯಲ್. ಆಧಾರ್ ತಿದ್ದುಪಡಿಗೆ ದಿನ ಹಿಡಿಯುತ್ತದೆ. ಹಾಗಾಗಿ ಪಿಯುಸಿ ಅಥವಾ ಡಿಗ್ರಿ ರಿಸಲ್ಟ್ ಬರುವ ಮೊದಲೇ ಎರಡನ್ನೂ ಪಕ್ಕ ಪಕ್ಕ ಇಟ್ಟು ಒಂದೊಂದು ಅಕ್ಷರ ಹೊಂದಿಸಿ ನೋಡಿ.

ಆಮೇಲೆ ಜಾತಿ ಮತ್ತು ಆದಾಯ ಪ್ರಮಾಣ ಪತ್ರ. ನಾಡಕಚೇರಿಯಿಂದ ತಂದ ಪತ್ರದ ಮೇಲೆ ಆರ್‌ಡಿ ಎಂದು ಶುರುವಾಗುವ ನಂಬರ್ ಇರುತ್ತದೆ. ಪೋರ್ಟಲ್ ಕೇಳುವುದು ಅದನ್ನೇ. ಆದಾಯ ಪತ್ರದ ಅವಧಿ ಮುಗಿದಿದೆಯೇ ನೋಡಿ. ಬ್ಯಾಂಕ್ ಖಾತೆ ವಿದ್ಯಾರ್ಥಿಯ ಹೆಸರಲ್ಲಿರಬೇಕು, ಆಧಾರ್‌ಗೆ ಜೋಡಣೆ ಆಗಿರಬೇಕು. ಅಮ್ಮನ ಖಾತೆ ನಡೆಯುವುದಿಲ್ಲ.

ಇವುಗಳ ಜೊತೆ ಫೀ ಕಟ್ಟಿದ ರಸೀದಿ ಇರಲಿ. ಡಾಕ್ಟರ ಸರ್ಟಿಫಿಕೇಟ್ ಕೆಲವು ಕಡೆ ಕೇಳುತ್ತಾರೆ. ರ‍್ಯಾಗಿಂಗ್ ಮಾಡುವುದಿಲ್ಲ ಎಂಬ ಮುಚ್ಚಳಿಕೆ ವಿದ್ಯಾರ್ಥಿಯೂ ಕೊಡಬೇಕು, ಪಾಲಕರೂ ಕೊಡಬೇಕು.

ಹಂತ 4: ಅರ್ಜಿ ಹಾಕುವುದು, ಅದೂ ಅಡ್ಮಿಷನ್ ದಿನವೇ

ಫೀ ಕಟ್ಟಿದ ಕೌಂಟರಿನಿಂದ ನೇರ ಹಾಸ್ಟೆಲ್ ಆಫೀಸಿಗೆ ಹೋಗಿ. ಚಹಾ ಆಮೇಲೆ ಕುಡಿಯಬಹುದು. ಮೂರು ಮಾತು ಕೇಳಿ ಬರೆದುಕೊಳ್ಳಿ: ಅರ್ಜಿ ಕೊಡಲು ಕೊನೆಯ ದಿನ ಯಾವುದು, ಪಟ್ಟಿ ಎಲ್ಲಿ ಹಾಕುತ್ತಾರೆ, ಹೆಸರು ಬಂದಮೇಲೆ ಎಷ್ಟು ದಿನದಲ್ಲಿ ದುಡ್ಡು ಕಟ್ಟಬೇಕು.

ಮೂರನೆಯದನ್ನು ಕೇಳದೆ ಸೀಟು ಕಳೆದುಕೊಂಡವರಿದ್ದಾರೆ. ಪಟ್ಟಿಯಲ್ಲಿ ಹೆಸರು ಬಂದಿರುತ್ತದೆ, ಹುಡುಗ ಊರಲ್ಲಿ ಜಾತ್ರೆಗೆ ನಿಂತಿರುತ್ತಾನೆ. ಚಲನ್ ಕಟ್ಟುವ ಗಡುವು ದಾಟುತ್ತದೆ. ಆ ರೂಮು ಮುಂದಿನವನಿಗೆ ಹೋಗುತ್ತದೆ. ಪಟ್ಟಿ ಬರುವ ವಾರ ದಿನಾ ನೋಡಿ. ಎಷ್ಟೋ ಕಡೆ ಇವತ್ತಿಗೂ ಅದು ನೋಟಿಸ್ ಬೋರ್ಡಿನ ಮೇಲಷ್ಟೇ ಇರುತ್ತದೆ. ಆ ಊರಲ್ಲಿರುವ ಯಾರಿಗಾದರೂ ಫೋಟೋ ಹೊಡೆದು ಕಳಿಸಲು ಹೇಳಿ.

ಸರ್ಕಾರಿ ಹಾಸ್ಟೆಲ್ ಆದರೆ ಪೋರ್ಟಲ್ಲಿನ ಅರ್ಜಿಯ ಪ್ರಿಂಟ್ ತೆಗೆದು ಆ ಹಾಸ್ಟೆಲಿನ ಮೇಲ್ವಿಚಾರಕರಿಗೆ ಅಥವಾ ತಾಲೂಕು ಕಚೇರಿಗೆ ಮುಟ್ಟಿಸಬೇಕೇ ಎಂದು ಕೇಳಿ. "ಸಬ್‌ಮಿಟ್ ಆಯ್ತು" ಎಂದು ಸ್ಕ್ರೀನ್ ಮೇಲೆ ಬಂದ ಕೂಡಲೇ ಕೆಲಸ ಮುಗಿಯಿತು ಎಂದುಕೊಳ್ಳಬೇಡಿ.

ಹಂತ 5: ಕಣ್ಣಾರೆ ನೋಡುವುದು

ಇದಕ್ಕೆ ಒಂದು ಪೂರ್ತಿ ದಿನ ಇಡಿ. ಮಧ್ಯಾಹ್ನ ಹನ್ನೆರಡಕ್ಕೆ ಹೋದರೆ ಏನೂ ಗೊತ್ತಾಗುವುದಿಲ್ಲ. ಹುಡುಗರೆಲ್ಲ ತರಗತಿಯಲ್ಲಿರುತ್ತಾರೆ, ಕಾರಿಡಾರ್ ಒರೆಸಿರುತ್ತದೆ, ವಾರ್ಡನ್ ಸಾಹೇಬರು ನಗುತ್ತಾ ಮಾತಾಡುತ್ತಾರೆ. ಬೆಳಗ್ಗೆ ಆರೂವರೆಯಿಂದ ಏಳೂವರೆ, ಅಥವಾ ರಾತ್ರಿ ಎಂಟರ ಹೊತ್ತಿಗೆ ಹೋಗಿ. ಹಾಸ್ಟೆಲಿನ ನಿಜ ಆಗ ಕಾಣುತ್ತದೆ. ಹುಡುಗಿಯರ ಹಾಸ್ಟೆಲ್ ಆದರೆ ಒಳಗೆ ತಾಯಿಯನ್ನೋ ಅಕ್ಕನನ್ನೋ ಕಳಿಸಿ. ಅಪ್ಪಂದಿರನ್ನು ಗೇಟಿನಲ್ಲೇ ನಿಲ್ಲಿಸುತ್ತಾರೆ, ಅದು ಸರಿಯೇ.

ನೀರು. ಎಲ್ಲಕ್ಕಿಂತ ಮೊದಲು ನೀರು. ಮೇಲಿನ ಮಹಡಿಯ ಬಾತ್‌ರೂಮಿಗೆ ಹೋಗಿ ನಲ್ಲಿ ತಿರುಗಿಸಿ. ಕೆಳಗಿನ ಮಹಡಿಯ ನಲ್ಲಿ ಎಲ್ಲ ಕಡೆ ಬರುತ್ತದೆ, ಅದನ್ನು ನೋಡಿ ಉಪಯೋಗವಿಲ್ಲ. ಈಗ ಸೋಪು ತೆಗೆದು ಕೈ ತೊಳೆಯಿರಿ. ನೊರೆಯೇ ಬರದಿದ್ದರೆ ಅದು ಸವಳು ನೀರು. ವಿಜಯಪುರ, ಬಾಗಲಕೋಟೆ ಕಡೆ ಬೋರ್ ನೀರು ಬಹಳ ಕಡೆ ಹೀಗೇ. ಅಲ್ಲಿ ಇಟ್ಟಿರುವ ಹಳೆಯ ಬಕೆಟ್ಟಿನ ಒಳಗೆ ಬೆರಳಾಡಿಸಿ. ಬಿಳಿ ಪೊರೆ ಒರಟಾಗಿ ಉಗುರಿಗೆ ಸಿಕ್ಕರೆ ನಿಮ್ಮ ತಲೆಗೂದಲಿನ ಗತಿ ಅದೇ. ಸ್ನಾನಕ್ಕೆ ಅದನ್ನು ಸಹಿಸಿಕೊಳ್ಳಬಹುದು. ಕುಡಿಯಲು ಆಗದು. ಕುಡಿಯುವ ನೀರಿನ ಆರ್‌ಒ ಯಂತ್ರದ ಬಳಿ ಹೋಗಿ ಲೋಟದಲ್ಲಿ ಹಿಡಿದು ಕುಡಿಯಿರಿ. ಯಂತ್ರ ಕೆಟ್ಟಿದ್ದರೆ "ನಾಳೆ ರಿಪೇರಿ" ಎನ್ನುತ್ತಾರೆ. ಯಂತ್ರದ ಮೇಲಿನ ಧೂಳು ನೋಡಿದರೆ ಆ ನಾಳೆ ಯಾವಾಗಿನದು ಎಂದು ತಿಳಿಯುತ್ತದೆ.

ಸಾಕೆಟ್ಟು. ಚಾರ್ಜರ್ ಹಾಕಿ ನೋಡಿ. ಅದಕ್ಕಿಂತ ಮುಖ್ಯ, ಸಾಕೆಟ್ಟಿನ ಸುತ್ತ ಕಪ್ಪಗೆ ಸುಟ್ಟ ಕಲೆ ಇದೆಯಾ ನೋಡಿ. ಇದ್ದರೆ ಹುಡುಗರು ಕದ್ದು ಕಾಯಿಲ್ ಹಾಕಿ ನೀರು ಕಾಯಿಸುತ್ತಿದ್ದಾರೆ ಎಂದರ್ಥ. ಅಂದರೆ ಸೋಲಾರ್ ಬಿಸಿನೀರು ಬರುತ್ತಿಲ್ಲ ಎಂದೂ ಅರ್ಥ. ನೋಟಿಸ್ ಬೋರ್ಡ್ ಹೇಳದ್ದನ್ನು ಈ ಕಲೆ ಹೇಳುತ್ತದೆ. ಬೆಳಗಾವಿಯ ಡಿಸೆಂಬರ್ ಚಳಿಯಲ್ಲಿ ಇದು ಸಣ್ಣ ಮಾತಲ್ಲ.

ಗೋಡೆ. ಬೆಳಗಾವಿಗೆ ಹೋಗುವವರು ಇದನ್ನು ಗಮನವಿಟ್ಟು ಓದಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಲ್ಲಿ ಮಳೆ ಬಿಡುವುದಿಲ್ಲ, ಗಾಳಿ ಪಶ್ಚಿಮದಿಂದ ಹೊಡೆಯುತ್ತದೆ. ಕಾಟಿನ ಹಿಂದಿನ ಗೋಡೆಗೆ ಅಂಗೈ ಒತ್ತಿ. ತಣ್ಣಗೆ ಜಿಗುಟಾಗಿ ಹತ್ತಿದರೆ ಪಸಿ ಇದೆ. ಸೊಂಟದ ಎತ್ತರದವರೆಗೆ ಮಾತ್ರ ಹೊಸ ಬಣ್ಣ ಹಚ್ಚಿದ್ದರೆ ಅನುಮಾನ ಪಡಿ, ಬೂಸ್ಟು ಮುಚ್ಚಿರುತ್ತಾರೆ. ಒದ್ದೆ ಬಟ್ಟೆ ಒಣಹಾಕಲು ಸೂರಿನ ಕೆಳಗೆ ಜಾಗ ಇದೆಯಾ ಕೇಳಿ. ಇಲ್ಲವೆಂದರೆ ಜುಲೈ ಪೂರ್ತಿ ನೀವು ಹಸಿ ಬಟ್ಟೆಯ ವಾಸನೆಯಲ್ಲೇ ಓದಬೇಕು.

ಹೊರಡುವ ಮುನ್ನ ಎರಡನೇ ವರ್ಷದ ಇಬ್ಬರನ್ನು ಬೇರೆ ಬೇರೆಯಾಗಿ ಮಾತಾಡಿಸಿ. "ಹಾಸ್ಟೆಲ್ ಚೊಲೋ ಐತೇನು" ಎಂದು ಕೇಳಬೇಡಿ. ಹೂಂ ಎನ್ನುತ್ತಾರೆ, ಮುಗಿಯಿತು. "ಹೋದ ತಿಂಗಳು ಮೆಸ್ ಬಿಲ್ ಎಷ್ಟು ಬಂತು? ಮೊನ್ನೆ ಕರೆಂಟ್ ಹೋದಾಗ ಎಲ್ಲಿ ಕೂತು ಓದಿದಿ? ಆರಾಮ ಇಲ್ಲದಾಗ ದವಾಖಾನೆಗೆ ಯಾರು ಕರ್ಕೊಂಡು ಹೋದ್ರು?" ಹೀಗೆ ಕೇಳಿ. ಆಗ ಮಾತು ಬರುತ್ತದೆ.

ಹಂತ 6: ಮೆಸ್ಸಿನ ಲೆಕ್ಕ

ನಮ್ಮ ಕಡೆ ವಿಶ್ವವಿದ್ಯಾಲಯದ ಹಾಸ್ಟೆಲ್‌ಗಳಲ್ಲಿ ಬಹಳಷ್ಟು ಕಡೆ ಡಿವೈಡಿಂಗ್ ಸಿಸ್ಟಮ್. ತಿಂಗಳ ಒಟ್ಟು ಖರ್ಚನ್ನು ಎಲ್ಲರೂ ಉಂಡ ದಿನಗಳಿಂದ ಭಾಗಿಸುತ್ತಾರೆ. ಲೆಕ್ಕಕ್ಕೆ ಹೀಗೆ ಇಟ್ಟುಕೊಳ್ಳಿ: ನೂರು ಜನ, 30 ದಿನ, ಅಂದರೆ 3,000 ಊಟದ ದಿನ. ಖರ್ಚು 2,40,000 ರೂಪಾಯಿ ಆದರೆ ದಿನಕ್ಕೆ 80 ರೂಪಾಯಿ ಬೀಳುತ್ತದೆ, ತಿಂಗಳಿಗೆ 2,400. ಇಪ್ಪತ್ತು ಜನ ದುಡ್ಡು ಕಟ್ಟದೆ ಬಾಕಿ ಉಳಿಸಿದರೆ ಕಿರಾಣಿ ಅಂಗಡಿಯವನ ಉದ್ರಿ ಏರುತ್ತದೆ, ಸಾರು ತೆಳ್ಳಗಾಗುತ್ತದೆ. ಹಾಗಾಗಿ ಕೇಳಬೇಕಾದ್ದು "ತಿಂಗಳಿಗೆ ಎಷ್ಟು" ಎಂದಲ್ಲ. "ಹೋದ ಮೂರು ತಿಂಗಳ ಬಿಲ್ ತೋರಿಸಿ" ಎಂದು ಕೇಳಿ.

ಇನ್ನೊಂದು ಪ್ರಶ್ನೆ ಮೆಸ್ ಕಟ್ ಬಗ್ಗೆ. ಊರಿಗೆ ಹೋದ ದಿನಗಳ ದುಡ್ಡು ಕಳೆಯುತ್ತಾರಾ? ಕನಿಷ್ಠ ಎಷ್ಟು ದಿನ ಹೋಗಬೇಕು, ಎಷ್ಟು ಮೊದಲು ಬರೆದು ಕೊಡಬೇಕು? ಇಂಡಿ, ಮುಧೋಳ, ಗೋಕಾಕದಂಥ ಹತ್ತಿರದ ಊರವರು ಶನಿವಾರ ಶನಿವಾರ ಊರಿಗೆ ಓಡುತ್ತಾರೆ. ಮೆಸ್ ಕಟ್ ನಿಯಮ ಬಿಗಿ ಇದ್ದರೆ ಉಣ್ಣದ ಊಟಕ್ಕೂ ದುಡ್ಡು ಕಟ್ಟುತ್ತೀರಿ.

ಒಂದು ಹೊತ್ತು ಅಲ್ಲೇ ಉಣ್ಣಿ. ಗೆಸ್ಟ್ ಕೂಪನ್ ಕೊಡುತ್ತಾರೆ. ಮೊದಲ ಪಂಕ್ತಿಯಲ್ಲಿ ಕೂರಬೇಡಿ, ಕೊನೆಗೆ ಹೋಗಿ. ಕೊನೆಗೆ ಬಂದವರಿಗೂ ರೊಟ್ಟಿ ಇದೆಯಾ, ಇಲ್ಲಾ ಬರೀ ಅನ್ನ ಸಾರು ಉಳಿದಿದೆಯಾ? ಗೋಡೆಯ ಮೆನುವಿನಲ್ಲಿ ಎಣ್ಣೆಗಾಯಿ ಎಂದು ಬರೆದ ದಿನ ತಟ್ಟೆಯಲ್ಲಿ ಏನಿದೆ? ಹುಡುಗರು ಡಬ್ಬಿ ತೆಗೆದು ಶೇಂಗಾ ಚಟ್ನಿ ಹಾಕಿಕೊಂಡರೆ ಗಾಬರಿ ಬೇಡ, ಅದು ನಮ್ಮ ಜನರ ಅಭ್ಯಾಸ. ಆದರೆ ಎಲ್ಲರೂ ತಟ್ಟೆಯಲ್ಲಿ ಪಲ್ಯ ಬಿಟ್ಟು ಏಳುತ್ತಿದ್ದರೆ ಅದು ಎಚ್ಚರಿಕೆ. ಅಂಥ ಕಡೆ ಮೆಸ್ ಕಡ್ಡಾಯವಾ, ಹೊರಗಿನ ಖಾನಾವಳಿಗೆ ಹೋಗಬಹುದಾ ಎಂದು ಕೇಳಿಕೊಳ್ಳಿ. ಊರ ಹೊರಗಿನ ಕ್ಯಾಂಪಸ್ ಆದರೆ ಖಾನಾವಳಿ ಹತ್ತಿರ ಇರುವುದೇ ಇಲ್ಲ ಎಂಬುದೂ ನೆನಪಿರಲಿ.

ಹಂತ 7: ಮಹಡಿ ಮತ್ತು ರೂಮು ಆರಿಸುವುದು

ಆರಿಸಲು ಅವಕಾಶ ಸಿಕ್ಕರೆ ಈ ಮಾತು. ಎಷ್ಟೋ ಕಡೆ ಸಿಗುವುದಿಲ್ಲ.

ವಿಜಯಪುರ, ಬಾಗಲಕೋಟೆಯಲ್ಲಿ ಎಲ್ಲಕ್ಕಿಂತ ಮೇಲಿನ ಮಹಡಿ ಬೇಡ. ಇದನ್ನು ನಾನು ಅನುಭವದಿಂದ ಹೇಳುತ್ತಿದ್ದೇನೆ. ವಿಜಯಪುರದ ಒಂದು ಹಾಸ್ಟೆಲಿನಲ್ಲಿ ಗದ್ದಲ ಇರುವುದಿಲ್ಲ ಎಂದು ಮೇಲಿನ ಮಹಡಿಯ ಮೂಲೆ ರೂಮು ಹಠ ಮಾಡಿ ತೆಗೆದುಕೊಂಡೆ. ಜುಲೈನಲ್ಲಿ ಸ್ವರ್ಗ. ಏಪ್ರಿಲ್ ಬಂದಾಗ ಬಿಸಿಲು 40 ಡಿಗ್ರಿ ದಾಟಿತು. ಸ್ಲ್ಯಾಬು ಹಗಲೆಲ್ಲ ಕಾದು ರಾತ್ರಿ ಒಳಗೆ ಝಳ ಬಿಡುತ್ತಿತ್ತು. ಫ್ಯಾನು ಹಾಕಿದರೆ ಬಿಸಿಗಾಳಿ, ಆರಿಸಿದರೆ ಬೆವರು. ಪರೀಕ್ಷೆಯ ಹೊತ್ತಿಗೆ ಚಾದರ ಒದ್ದೆ ಮಾಡಿ ನೆಲದ ಮೇಲೆ ಮಲಗುತ್ತಿದ್ದೆ. ಕೆಳಗಿನ ರೂಮಿನವರು ಕಾಟಿನ ಮೇಲೆ ಆರಾಮ ನಿದ್ದೆ ಮಾಡುತ್ತಿದ್ದರು. ವಾರ್ಡನ್ನರಿಗೆ ಹೇಳಿದೆ. ನೀನೇ ಬೇಡಿ ತಗೊಂಡಿದ್ದೀಯಲ್ಲ ಎಂದರು. ಆ ಮಾತಿಗೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ಬೆಳಗಾವಿಯಲ್ಲಿ ಇದು ಉಲ್ಟಾ. ಅಲ್ಲಿ ತಪ್ಪಿಸಬೇಕಾದ್ದು ನೆಲಮಹಡಿ ಮತ್ತು ಪಶ್ಚಿಮಕ್ಕೆ ಕಿಟಕಿ ಇರುವ ರೂಮು. ನಡುವಿನ ಮಹಡಿ ಎಲ್ಲ ಊರಿಗೂ ಒಳ್ಳೆಯದು. ಬಾತ್‌ರೂಮಿಗೆ ಹತ್ತಿದ ರೂಮೂ ಬೇಡ, ಬೆಳಗ್ಗೆ ಐದಕ್ಕೇ ಬಕೆಟ್ಟಿನ ಸದ್ದು ಶುರು.

ಜೊತೆಗಾರರ ವಿಷಯಕ್ಕೆ ಜನ ಬಹಳ ತಲೆ ಕೆಡಿಸಿಕೊಳ್ಳುತ್ತಾರೆ, ನನ್ನ ಪ್ರಕಾರ ಅಷ್ಟು ಬೇಡ. ನಿಮ್ಮ ಊರಿನವನೇ ಬೇಕು ಎಂದು ಹಠ ಹಿಡಿಯಬೇಡಿ. ಇಬ್ಬರೂ ಸೇರಿ ಪ್ರತಿ ಶುಕ್ರವಾರ ಊರಿಗೆ ಬಸ್ ಹತ್ತುತ್ತೀರಿ, ಅಷ್ಟೇ ಆಗುತ್ತದೆ. ಲೈಟ್ ಆರಿಸುವ ಹೊತ್ತು ಹೊಂದಿದರೆ ಉಳಿದದ್ದು ಹೊಂದುತ್ತದೆ.

ಮೊದಲ ವರ್ಷದವರನ್ನು ಬೇರೆ ಬ್ಲಾಕಿನಲ್ಲಿ ಇಡುತ್ತಾರಾ ಎಂದು ಮಾತ್ರ ಖಂಡಿತ ಕೇಳಿ. ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗ) 2009ರ ನಿಯಮ ಆದಷ್ಟು ಹಾಗೆಯೇ ಇಡಬೇಕು ಎನ್ನುತ್ತದೆ. ರ‍್ಯಾಗಿಂಗ್ ಸಹಾಯವಾಣಿ 1800-180-5522, ದಿನದ 24 ಗಂಟೆಯೂ ಇರುತ್ತದೆ. ನಂಬರನ್ನು ಮಗನ ಮೊಬೈಲಿನಲ್ಲೂ ಅಪ್ಪನ ಮೊಬೈಲಿನಲ್ಲೂ ಸೇವ್ ಮಾಡಿ.

ಹಂತ 8: ದುಡ್ಡು ಕಟ್ಟುವ ದಿನ

ಮೊತ್ತವನ್ನು ತುಂಡು ಮಾಡಿ ಬರೆಸಿಕೊಳ್ಳಿ: ರೂಮಿನ ಬಾಡಿಗೆ ಎಷ್ಟು, ಮೆಸ್ ಮುಂಗಡ ಎಷ್ಟು, ಡಿಪಾಜಿಟ್ ಎಷ್ಟು. ವಾಪಸ್ ಬರುವುದು ಯಾವುದು ಎಂದು ಅದರ ಮುಂದೆ ಗುರುತು ಹಾಕಿ. ಡಿಪಾಜಿಟ್ ರಸೀದಿಯನ್ನು ಊರಲ್ಲಿ, ಹೊಲದ ಉತಾರ ಇಡುವ ಪೆಟ್ಟಿಗೆಯಲ್ಲೇ ಇಡಿ. ಎರಡು ವರ್ಷದ ಮೇಲೆ ನೋ ಡ್ಯೂ ಮಾಡಿಸುವಾಗ ಅದೇ ಕಾಗದ ಕೇಳುತ್ತಾರೆ, ಆಗ ಯಾರ ಹತ್ತಿರವೂ ಇರುವುದಿಲ್ಲ.

ರಸೀದಿ ಇಲ್ಲದೆ ಕೈಯಲ್ಲಿ ದುಡ್ಡು ಕೊಡಿ, ರೂಮು ನಾನು ಮಾಡಿಸುತ್ತೇನೆ ಎಂದು ಯಾರಾದರೂ ಹೇಳಿದರೆ ಅಲ್ಲಿಂದ ಎದ್ದು ಬನ್ನಿ.

ಕೀಲಿ ಕೈಗೆ ಬಂದ ಕೂಡಲೇ, ಟ್ರಂಕು ಒಳಗೆ ಇಡುವ ಮುಂಚೆ, ರೂಮಿನ ವಿಡಿಯೋ ಮಾಡಿ. ಒಡೆದ ಗಾಜು, ಮುರಿದ ಕಾಟು, ಇಲ್ಲದ ಬಲ್ಬು ಎಲ್ಲ ಬರಲಿ. ಅದನ್ನೇ ಒಂದು ಹಾಳೆಯಲ್ಲಿ ಬರೆದು ಕೊಟ್ಟು, ತಲುಪಿದ್ದಕ್ಕೆ ಸಹಿ ಪಡೆಯಿರಿ. ಇಲ್ಲದಿದ್ದರೆ ಯಾರೋ ಒಡೆದ ಗಾಜಿಗೆ ನಿಮ್ಮ ಡಿಪಾಜಿಟ್ ಹೋಗುತ್ತದೆ. ಬೀಗ ನಿಮ್ಮದೇ ಹಾಕಿ, ಹಳೆಯ ಬೀಗದ ಕೀಲಿ ಎಷ್ಟು ಜನರ ಹತ್ತಿರ ಇದೆಯೋ ಯಾರಿಗೆ ಗೊತ್ತು.

ಹಂತ 9: ಪಟ್ಟಿಯಲ್ಲಿ ಹೆಸರು ಬರದಿದ್ದರೆ

ಗಾಬರಿಯಾಗಿ ಅದೇ ದಿನ ಪೇಟೆಯಲ್ಲಿ ವರ್ಷದ ಕರಾರು ಮಾಡಿ ಪಿಜಿ (ಪೇಯಿಂಗ್ ಗೆಸ್ಟ್ ರೂಮು) ಹಿಡಿಯಬೇಡಿ. ಕಾಯುವ ಪಟ್ಟಿಯಲ್ಲಿ ನಿಮ್ಮ ನಂಬರ್ ಎಷ್ಟು ಎಂದು ಕೇಳಿ. ಸೀಟು ಹಂಚುವ ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ಮುಂದಿನ ಸುತ್ತುಗಳಲ್ಲಿ ಕೆಲವರು ಬೇರೆ ಕಾಲೇಜಿಗೆ ಹೋಗುತ್ತಾರೆ, ಅವರ ರೂಮುಗಳು ಖಾಲಿ ಬೀಳುತ್ತವೆ. ಆ ವಾರ ಆಫೀಸಿನ ಮುಂದೆ ಕಾಣಿಸಿಕೊಳ್ಳಿ. ಫೋನಿನಲ್ಲಿ ಕೇಳಿದರೆ ಇಲ್ಲ ಎನ್ನುವವರು ಎದುರಿಗೆ ನಿಂತರೆ ರಿಜಿಸ್ಟರ್ ತೆಗೆಯುತ್ತಾರೆ.

ಅಲ್ಲಿಯವರೆಗೆ ತಿಂಗಳ ಲೆಕ್ಕದಲ್ಲಿ ಕೊಡುವ ಪಿಜಿ ನೋಡಿ, ಮುಂಗಡ ಒಂದು ತಿಂಗಳಿಗಿಂತ ಜಾಸ್ತಿ ಕೊಡಬೇಡಿ. ಊರು ಹತ್ತಿರ ಇದ್ದರೆ ಬಸ್ಸಿನಲ್ಲೇ ಓಡಾಡಿ. ಹುಡುಗಿಯರಿಗೆ ಶಕ್ತಿ ಯೋಜನೆಯಲ್ಲಿ ಸಾರಿಗೆ ಬಸ್ಸು ಉಚಿತ. ಹುಡುಗರು ವಿದ್ಯಾರ್ಥಿ ಪಾಸ್ ಮಾಡಿಸಿ. ಸರ್ಕಾರಿ ಹಾಸ್ಟೆಲೂ ಸಿಗಲಿಲ್ಲ ಎಂದು ಖಚಿತವಾದ ಮೇಲೆ ವಿದ್ಯಾಸಿರಿಗೆ ಅರ್ಜಿ ಹಾಕಿ, ಕೊನೆಯ ದಿನ ಹತ್ತಿರ ಇದ್ದರೆ ಇಲಾಖೆಯ ತಾಲೂಕು ಕಚೇರಿಯಲ್ಲಿ ಕೇಳಿಯೇ ಹಾಕಿ.

ಟ್ರಂಕು, ಗಾದಿ ಅಲ್ಲಿಯವರೆಗೆ ಊರಲ್ಲೇ ಇರಲಿ. ಒಂದು ಬ್ಯಾಗು, ಒಂದು ಕೌದಿ, ಅವ್ವ ಕಟ್ಟಿಕೊಟ್ಟ ಕಡಕ್ ರೊಟ್ಟಿ ಇಷ್ಟರಲ್ಲಿ ತಿಂಗಳು ದಾಟಬಹುದು.